ಕೆಂಪಿಯನ್ನು ಕರೆಯುವ ಬಗೆ

ಕರೆಯುವುದೆಂದರೆ ಗಂಟಲಿನ ಕೆಲಸ ಎಂದು ತಿಳಿದವರೇ ಹೆಚ್ಚು. ನಮ್ಮ ಅಜ್ಜಿಯ ಪ್ರಕಾರ ಅದು ಬೆನ್ನಿನ ಕೆಲಸ. ಗಂಟಲು ಕಾಗೆಗೂ ಇದೆ, ಆದರೆ ಎಲ್ಲಿ ನಿಲ್ಲಬೇಕು, ಹೆಗಲು ಯಾವ ಕಡೆಗಿರಬೇಕು, ಕಣ್ಣು ಎಲ್ಲಿಡಬೇಕು ಎನ್ನುವುದು ತಿಳಿಯದವರು ಬೆಳಗಿನಿಂದ ಬೈಗಿನವರೆಗೆ ಕೂಗಿದರೂ ಒಂದು ಕೋಳಿಯೂ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಿದ್ದಳು. ನನ್ನ ನೌಕರಿಯ ಕಾಲವನ್ನೆಲ್ಲ ನಾನು ಚಾಮರಾಜನಗರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ ಕಳೆದೆ. ಹೊಸದಾಗಿ ಸೇರಿದ ಹುಡುಗಿಯರು ಊರು ನೆನೆದು ಮೂಲೆ ಹಿಡಿದು ಕೂತಾಗ ಬೇರೆಯವರು ಎದುರು ಕೂತು ಗಲ್ಲ ಹಿಡಿದು ಸಮಾಧಾನ ಹೇಳುತ್ತಿದ್ದರು. ನಾನು ಬೆನ್ನು ತಿರುಗಿಸಿ ಬೆಡ್‌ಶೀಟು ಮಡಿಚುತ್ತಾ ಕೂರುತ್ತಿದ್ದೆ. ಈ ಹೆಂಗಸಿಗೆ ಕರುಳೇ ಇಲ್ಲ ಎಂದು ಕೆಲವರು ಆಡಿಕೊಂಡದ್ದೂ ಉಂಟು. ಆಡಿಕೊಳ್ಳಲಿ. ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಆ ಹುಡುಗಿಯೇ ಎದ್ದು ಬಂದು ಹಿಡಿಯುವವರೆಗೆ ನಾನು ತಿರುಗಿ ನೋಡುತ್ತಿರಲಿಲ್ಲ. ಈ ವಿದ್ಯೆ ನನಗೆ ಬಂದದ್ದು ಇಲಾಖೆಯ ತರಬೇತಿಯಿಂದಲ್ಲ, ಒಂದು ಹಸುವಿನಿಂದ ಮತ್ತು ಒಬ್ಬ ಹೆಂಗಸಿನಿಂದ. ಅವರಿಬ್ಬರ ಋಣ ನನ್ನ ಮೇಲೆ ಬಹಳ ಇದೆ. ತೀರಿಸುವುದಂತೂ ಆಗದ ಮಾತು, ಹೇಳಿಕೊಂಡಾದರೂ ಹಗುರಾಗುತ್ತೇನೆ.

ನಮ್ಮ ಹಟ್ಟಿ ಇದ್ದದ್ದು ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ, ಊರು ಮುಗಿದರೆ ಹೊಲ, ಹೊಲ ಮುಗಿದರೆ ಕಾಡು ಎನ್ನುವಂಥ ಜಾಗದಲ್ಲಿ. ನಮ್ಮ ಕಡೆ ಮನೆಗೇ ಹಟ್ಟಿ ಎನ್ನುತ್ತಾರೆ. ತಲೆಬಾಗಿಲು ದಾಟಿದರೆ ಮೊದಲು ದನದ ಕೊಟ್ಟಿಗೆ, ಅದನ್ನು ದಾಟಿದರೆ ನಡುಮನೆ, ನಡುಮನೆಯ ಹಿಂದೆ ಒಲೆ. ಬಂದ ನೆಂಟರು ನಮ್ಮ ಮುಖ ನೋಡುವ ಮೊದಲು ದನಗಳ ಮುಖ ನೋಡಿಕೊಂಡೇ ಬರಬೇಕಿತ್ತು. ನಡುಮನೆಯ ಮೂಲೆಯಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆ ಇತ್ತು, ಆಳೆತ್ತರದ್ದು, ಹೊಟ್ಟೆ ಉಬ್ಬಿದ್ದು. ವಾಡೆಗೂ ಗೋಡೆಗೂ ನಡುವೆ ಒಂದು ಸಂದು. ನನಗೆ ಏಳು ತುಂಬಿದ ವರ್ಷ ಜ್ವರ ಬಂದು ಅವ್ವ ತೀರಿಕೊಂಡ ಮೇಲೆ ಆ ಸಂದು ನನ್ನದಾಯಿತು. ತಣ್ಣಗಿರುತ್ತಿತ್ತು, ರಾಗಿಯ ಮತ್ತು ಬೇವಿನ ಸೊಪ್ಪಿನ ವಾಸನೆ ಬರುತ್ತಿತ್ತು, ಮತ್ತು ಅಲ್ಲಿ ಕೂತರೆ ಯಾರಿಗೂ ನಾನು ಕಾಣುತ್ತಿರಲಿಲ್ಲ, ನನಗೆ ಮಾತ್ರ ಒಲೆಯೂ ಕಾಣುತ್ತಿತ್ತು ಕೊಟ್ಟಿಗೆಯೂ ಕಾಣುತ್ತಿತ್ತು. ನಾನು ಸ್ವಭಾವತಃ ಹಟಮಾರಿ. ಈ ಗುಣ ಸಾವಿನಿಂದ ಬಂತೆಂದು ಯಾರಾದರೂ ಹೇಳಿದರೆ ನಂಬಬೇಡಿ, ಅವ್ವ ಇದ್ದಾಗಲೂ ಹಾಗೆಯೇ ಇದ್ದೆ. ಅವಳು ಹೋದ ಮೇಲೆ ಹಟಕ್ಕೊಂದು ಜಾಗ ಸಿಕ್ಕಿತು, ಅಷ್ಟೆ.

ಕೊಟ್ಟಿಗೆಯಲ್ಲಿ ಕೆಂಪಿ ಇದ್ದಳು. ನಾನು ಹುಟ್ಟಿದಾಗ ಅವ್ವನ ತವರಿನವರು ಕೂಸಿನ ಹಾಲಿಗೆಂದು ಕೊಟ್ಟ ನಾಟಿ ಹಸು. ಮೈಯೆಲ್ಲ ಇಟ್ಟಿಗೆ ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಕೋಪ ಮೂಗಿನ ತುದಿಯಲ್ಲಿ. ನಮ್ಮೂರಿನ ದನಗಳೆಲ್ಲ ಬೆಳಿಗ್ಗೆ ಕಾಡಿನಂಚಿಗೆ ಮೇಯಲು ಹೋಗಿ ಸಂಜೆ ಧೂಳೆಬ್ಬಿಸಿಕೊಂಡು ತಾವಾಗಿ ಬರುತ್ತಿದ್ದವು. ಕೆಂಪಿ ಬರುತ್ತಿರಲಿಲ್ಲ. ಅವಳನ್ನು ಕೆರೆ ಏರಿಯವರೆಗೆ ಹೋಗಿ ಕರೆಯಬೇಕಿತ್ತು. ಅವ್ವ ಇರುವವರೆಗೆ ಅವ್ವ ಕರೆದಳು, ಆಮೇಲೆ ಅಜ್ಜಿ. ಅಜ್ಜಿ ಏರಿಯ ಮೇಲಿನ ಹೊಂಗೆ ಮರದ ಮರೆಗೆ ಅರ್ಧ ಮೈ ಕಾಣುವಂತೆ, ಅರ್ಧ ಮೈ ಮುಚ್ಚುವಂತೆ ನಿಲ್ಲುತ್ತಿದ್ದಳು. ಪೂರ್ತಿ ಕಂಡರೆ ದನ ಕಂಡಾಯಿತಲ್ಲ ಎಂದು ಅಲ್ಲೇ ಮೇಯುತ್ತಾ ನಿಲ್ಲುತ್ತದೆ, ಅರ್ಧ ಕಂಡರೆ ಮಿಕ್ಕ ಅರ್ಧ ನೋಡಲು ಬರುತ್ತದೆ ಎನ್ನುವುದು ಅವಳ ಲೆಕ್ಕ. ಮುಖ ಊರಿನ ಕಡೆಗೆ, ಹೆಗಲು ಕಾಡಿನ ಕಡೆಗೆ. ಒಂದು ಸಲ ಕೂಗಿ, ನಾಲ್ಕು ಹೆಜ್ಜೆ ಹಟ್ಟಿಯ ಕಡೆ ನಡೆದು, ಇನ್ನೊಂದು ಸಲ ಕೂಗುತ್ತಿದ್ದಳು. ಇವಳು ಹೊರಟೇ ಹೋದಳಲ್ಲಪ್ಪಾ ಎಂದು ದನಕ್ಕೆ ಅನ್ನಿಸಬೇಕು. ಹಟ್ಟಿಗಳ ಮೇಲಿನ ಹೊಗೆ ನೋಡಿ ಗಾಳಿ ಯಾವ ಕಡೆಗಿದೆ ಎಂದು ತಿಳಿದುಕೊಳ್ಳುತ್ತಿದ್ದಳು. ಬೇಟೆಗಾರ ತನ್ನ ವಾಸನೆ ಮುಚ್ಚಿಡುತ್ತಾನೆ, ದನ ಕರೆಯುವವರು ತಮ್ಮ ವಾಸನೆಯನ್ನು ಮೊದಲು ಕಳಿಸಬೇಕು, ಸದ್ದು ಅದರ ಹಿಂದೆ ಹೋಗಬೇಕು.

ಅವ್ವ ತೀರಿಕೊಂಡ ಮರುವರ್ಷ ಯುಗಾದಿ ಕಳೆದ ಮೇಲೆ ಅಪ್ಪ ಇನ್ನೊಂದು ಮದುವೆಯಾದ. ಹೊಸದಾಗಿ ಬಂದವಳು ಹರದನಹಳ್ಳಿಯ ದೇವಮ್ಮಣ್ಣಿ. ಆ ಕಡೆ ಅರಿಸಿನ ಬೆಳೆಯುತ್ತಿದ್ದರು, ಅವಳು ಚಿಕ್ಕಂದಿನಿಂದ ಅರಿಸಿನ ಬೇಯಿಸುವ ಕೊಪ್ಪರಿಗೆಯ ಮುಂದೆ ದುಡಿದವಳು. ಉಗುರಿನ ಸಂದಿಯಲ್ಲಿ, ಸೀರೆಯ ಸೆರಗಿನಲ್ಲಿ, ಕೊನೆಗೆ ತಲೆಗೂದಲಲ್ಲಿಯೂ ಅರಿಸಿನದ ವಾಸನೆ. ಮದುವೆಗೆ ಬಂದಿದ್ದ ನನ್ನ ಸೋದರಮಾವ, ಅಂದರೆ ಅವ್ವನ ಅಣ್ಣ, ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಎಲ್ಲರೆದುರೇ ಅಪ್ಪನಿಗೆ ಹೇಳಿದ:

"ಬಾವ, ನೀವು ಬ್ಯಾರೆ ಥರ ತಿಳ್ಕಬ್ಯಾಡಿ. ಕೂಸು ಇಲ್ಲಿ ಒಗ್ಗುದ್ರೆ ನಂಗೂ ಸಂತೋಸ್ವೆ. ಒಗ್ನಿಲ್ಲ ಅಂದ್ರೆ ಗೌರಿ ಅಬ್ಬುಕ್ಕೆ ಬಂದಾಗ ಕೂಸ್ನೂ ಕೆಂಪೀನೂ ನಮ್ಮಟ್ಟಿಗೆ ಕರ್ಕೊಂಡೋಯ್ತೀನಿ."

"ಆಯ್ತು ಬುಡಪ್ಪ," ಎಂದ ಅಪ್ಪ. ಅವನ ಧ್ವನಿ ಸಣ್ಣಗಾಗಿದ್ದು ವಾಡೆಯ ಹಿಂದೆ ಕೂತಿದ್ದ ನನಗೂ ತಿಳಿಯಿತು. ಹೊಸ ಸೀರೆಯಲ್ಲಿ ಮುದುರಿ ಕೂತಿದ್ದ ದೇವಮ್ಮಣ್ಣಿಗೂ ತಿಳಿದಿರಬೇಕು. ಕೂಸು ಹೊರಟುಹೋದರೆ ಊರು ಏನೆನ್ನುತ್ತದೆ? ಬಂದವಳು ಬಂದ ವರ್ಷವೇ ಮಗುವನ್ನೂ ಹಸುವನ್ನೂ ಓಡಿಸಿದಳು ಎನ್ನುತ್ತದೆ. ಆ ಹೆಸರು ಒಮ್ಮೆ ಅಂಟಿದರೆ ಸಾಯುವವರೆಗೆ ಹೋಗುವುದಿಲ್ಲ. ಆದರೆ ಅವಳ ಕಷ್ಟ ನನಗೇಕೆ? ಮಾವನ ಮನೆಗೆ ಹೋಗಬೇಕೆಂಬ ಆಸೆ ನನಗೆ ಇರಲಿಲ್ಲ, ಇವಳ ಹತ್ತಿರ ಹೋಗಬೇಕೆಂಬುದೂ ಇರಲಿಲ್ಲ. ನನಗೆ ನನ್ನ ಸಂದು ಇದ್ದರೆ ಸಾಕಿತ್ತು.

ಪಾಪ, ಅವಳು ಏನೆಲ್ಲ ಮಾಡಿದಳು. ನನ್ನನ್ನು ಕಂಡ ಕೂಡಲೇ ಎರಡು ಕೈಯನ್ನೂ ಚಾಚಿ, ಕಣ್ಣು ಅರಳಿಸಿ, ಮೈ ಪೂರ್ತಿ ನನ್ನ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ವಾಡೆಯ ಮುಂದೆ ಮಂಡಿಯೂರಿ ಒಳಗೆ ಇಣುಕುತ್ತಿದ್ದಳು.

"ಬಾ ಮಗ, ಬಾ ನನ್ನವ್ವ, ಬೆಲ್ಲ ಕೊಡ್ತೀನಿ. ಕಳ್ಳೆ ಬೀಜ ಉರ್ದಿವ್ನಿ, ಬಾ."

ಅವಳ ಕೈ ಮುಂದೆ ಬಂದಷ್ಟೂ ನಾನು ಗೋಡೆಗೆ ಅಂಟಿಕೊಳ್ಳುತ್ತಿದ್ದೆ. ಹುರುಳಿ ಕಟ್ಟಿನ ಸಾರು, ಮುದ್ದೆ ನನ್ನ ಮುಂದೆ ತಂದಿಟ್ಟು ತಿನ್ನುವವರೆಗೆ ನನ್ನ ಬಾಯನ್ನೇ ನೋಡುತ್ತಿದ್ದಳು. ಅಂಥ ಸಾರನ್ನು ನಾನು ಆಮೇಲೆ ಎಲ್ಲಿಯೂ ಉಂಡಿಲ್ಲ, ಆದರೆ ಅವಳು ನೋಡುತ್ತಿದ್ದರೆ ಒಂದು ತುತ್ತೂ ಒಳಗೆ ಇಳಿಯುತ್ತಿರಲಿಲ್ಲ. ಅವಳು ಎದ್ದು ಹಿತ್ತಲಿಗೆ ಹೋದ ಮೇಲೆ ಗಬಗಬನೆ ತಿಂದು ತಟ್ಟೆಯನ್ನು ಮಾತ್ರ ದೂರ ತಳ್ಳಿ ಕೂರುತ್ತಿದ್ದೆ. ಬೆಕ್ಕು ತಿಂದಿತೇನೋ ಎಂದು ಅವಳು ಎಷ್ಟು ದಿನ ಅಂದುಕೊಂಡಳೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಆಷಾಢದ ಗಾಳಿಗೆ ಅಜ್ಜಿಯ ಮಂಡಿ ಹಿಡಿದುಕೊಂಡಿತು. ಕೆಂಪಿ ಗಬ್ಬವಾಗಿದ್ದಳು, ಸಂಜೆಯಾದ ಮೇಲೆ ಕಾಡಿನಂಚಿನಲ್ಲಿ ಬಿಟ್ಟರೆ ಚಿರತೆಯ ಭಯ. ದೇವಮ್ಮಣ್ಣಿ ಹೋದಳು. ಅವಳ ಊರಿನಲ್ಲಿ ದನಗಳು ಗೂಟಕ್ಕೆ ಕಟ್ಟಿ ಹುಲ್ಲು ಹಾಕಿಸಿಕೊಳ್ಳುವ ಮರ್ಯಾದಸ್ಥ ದನಗಳು. ಇವಳು ಏರಿಯ ನಟ್ಟ ನಡುವೆ ನಿಂತು, ಕೈ ಅಗಲಿಸಿ, ಎದೆ ತುಂಬ ಕೂಗಿದಳು. ಕೆಂಪಿ ತಲೆ ಎತ್ತಿ ನೋಡಿದಳು, ಬಾಲ ಎತ್ತಿದಳು, ಲಂಟಾನದ ಪೊದೆಗೆ ನುಗ್ಗಿದಳು. ಕೈ ಅಗಲಿಸಿ ನಿಂತವರನ್ನು ಕಂಡರೆ ದನಕ್ಕೆ ಅಟ್ಟುತ್ತಿದ್ದಾರೆ ಎಂದೇ ಅರ್ಥ. ಅಂದು ಅಜ್ಜಿಯೇ ಕೋಲೂರಿಕೊಂಡು ಹೋಗಿ ಕರೆತಂದಳು. ಮರುದಿನವೂ ಅದೇ ಕತೆ. ಅಜ್ಜಿಗೆ ನೋವು, ದೇವಮ್ಮಣ್ಣಿಗೆ ಅಳು, ಅಪ್ಪನಿಗೆ ತಲೆಬಿಸಿ.

ಅಪ್ಪ ಹೊಲದಲ್ಲಿ ಬುದ್ಧಿವಂತ, ಹೊಲದಾಚೆ ಅಷ್ಟಕ್ಕಷ್ಟೆ. ಅವನಿಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಒಂದು ಪದ್ಧತಿ ಇದೆ. ಪಿತೃಪಕ್ಷದಲ್ಲಿ ಸತ್ತ ಹೆಂಡತಿಯ ಹೆಸರಿನಲ್ಲಿ ಎಡೆ ಇಡುವಾಗ ಅವಳ ಸೀರೆಯನ್ನೂ ಇಟ್ಟು ಪೂಜೆ ಮಾಡಿ, ಆಮೇಲೆ ಅದನ್ನು ಎರಡನೆಯವಳು ಉಡಬೇಕು. ಹೋದವಳು ಬಂದವಳನ್ನು ಒಪ್ಪಿಕೊಂಡಳು ಎಂದು ಅದರ ಅರ್ಥ. ಪಕ್ಷ ಬರುವುದು ಗೌರಿ ಹಬ್ಬದ ನಂತರ. ಅಪ್ಪ ಅಷ್ಟು ದಿನ ಕಾಯಲಿಲ್ಲ. ಪೆಟ್ಟಿಗೆಯಿಂದ ಅವ್ವನ ನವಿಲು ಬಣ್ಣದ ಸೀರೆ ತೆಗೆದು ದೇವಮ್ಮಣ್ಣಿಯ ಕೈಗಿಟ್ಟ.

"ಕೆಂಪಿಗೆ ಅವಳ ವಾಸ್ನೆ ಗೊತ್ತು. ಎಂಗೂ ಪಕ್ಸ ಆದ್ಮೇಲೆ ನೀನೇ ಉಡೋ ಸೀರೆ. ಈಗ್ಲೇ ಉಟ್ಕೊಂಡೋಗಿ ಕರಿ, ಬತ್ತಳೆ."

ನನಗೆ ಇದಾವುದೂ ಗೊತ್ತಿರಲಿಲ್ಲ. ನಾನು ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತೆ. ಬಿಸಿಲು ಇಳಿದಿತ್ತು. ದೂರದ ಏರಿಯ ಮೇಲೆ ಹೊಂಗೆ ಮರದ ಪಕ್ಕ ಅವ್ವ ನಿಂತಿದ್ದಳು. ನವಿಲು ಬಣ್ಣದ ಸೀರೆ, ಕೆಂಪು ಅಂಚು, ಗಾಳಿಗೆ ಹಾರುತ್ತಿದ್ದ ಸೆರಗು. ನಾನು ಓಡಿದೆ. ಆ ಕಡೆಯಿಂದ, ಕಾಡಿನ ಕಡೆಯಿಂದ, ಬಸುರಿ ಹಸು ಕೆಂಪಿ ಹೊಟ್ಟೆ ಅಲುಗಾಡಿಸಿಕೊಂಡು ಓಡಿ ಬರುತ್ತಿದ್ದಳು. ಅಷ್ಟು ಜೋರಾಗಿ ಅವಳು ಓಡಿದ್ದನ್ನು ನಾನು ಕಂಡದ್ದೇ ಇಲ್ಲ. ಇಬ್ಬರೂ ಎರಡು ಕಡೆಯಿಂದ ಏರಿ ಹತ್ತಿದೆವು. ಸದ್ದು ಕೇಳಿ ಸೀರೆ ಉಟ್ಟವಳು ತಿರುಗಿದಳು. ಅವ್ವನ ಸೀರೆಯ ಮೇಲೆ ಅವ್ವನದಲ್ಲದ ಮುಖ. ಕೆಂಪಿ ಮುಂಗಾಲು ಊರಿ ಗಕ್ಕನೆ ನಿಂತಳು, ಮೂಗು ಅರಳಿಸಿ ಒಮ್ಮೆ ಮೂಸಿದಳು, ಹಾಗೇ ಹಿಂದಕ್ಕೆ ತಿರುಗಿ ಓಡಿದಳು. ನಾನೂ ತಿರುಗಿ ಓಡಿದೆ. ಹೇಗೆ ಹಟ್ಟಿ ಸೇರಿದೆನೋ, ಹೇಗೆ ಸಂದಿಯೊಳಗೆ ಹೊಕ್ಕೆನೋ ನೆನಪಿಲ್ಲ. ಅಂದು ನಾನು ಅತ್ತಷ್ಟು ಅವ್ವ ಸತ್ತ ದಿನವೂ ಅತ್ತಿರಲಿಲ್ಲ. ಒಂದೇ ವ್ಯಕ್ತಿ ಎರಡು ಸಲ ಸತ್ತರೆ ಹೇಗಿರುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ದೇವಮ್ಮಣ್ಣಿ ಓಡಿ ಬಂದು ಸೀರೆ ಬದಲಾಯಿಸಿ, ವಾಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈ ಚಾಚಿ, ತಾನೂ ಅಳುತ್ತಾ ಕರೆಯತೊಡಗಿದಳು. ಅಜ್ಜಿ ಜಗಲಿಯಿಂದಲೇ ಗದರಿದಳು. ಮೊದಲ ಏಟು ಅಪ್ಪನಿಗೆ.

"ನಿಂಗೇನ್ಲಾ ಬಂದಿತ್ತು? ಎಡೆಗಿಕ್ಕದ ಸೀರೆ ತೆಗ್ದು ಕೊಟ್ಬುಟ್ಟಲ್ಲ! ಸತ್ತೋಳೂ ಒಪ್ಪಿಲ್ಲ, ಬದ್ಕಿರೋರೂ ಒಪ್ಪಿಲ್ಲ."

ಅಪ್ಪ ಕೆಂಪಿಯನ್ನು ಹುಡುಕಲು ಕೋಲು ಹಿಡಿದು ಹೊರಟ. ಆಮೇಲೆ ಅಜ್ಜಿಯ ಧ್ವನಿ ಮೆತ್ತಗಾಯಿತು.

"ಅಮ್ಮಿ, ಬಾ ಇತ್ಲಾಗೆ. ಕೂಸಿನ ಮುಂದಿಂದ ಎದ್ದೇಳು. ದನಕ್ಕೂ ಅಂಗೇ ಮಾಡ್ದೆ, ಕೂಸಿಗೂ ಅಂಗೇ ಮಾಡ್ತಿದ್ದೀಯೆ."

"ನಾನೇನ್ ಮಾಡ್ದೆ ಅತ್ತೆ? ಪ್ರೀತಿಯಿಂದ್ಲೇ ಕರ್ದೆ."

"ಪ್ರೀತಿ ಅಂತ ನಿಂಗೊಬ್ಳಿಗೇ ಗೊತ್ತು. ಎದುರ್ಗಿರೋರಿಗೆ ಇಡ್ಕೊಳಕ್ಕೆ ಬಂದಂಗೆ ಕಾಣ್ತದೆ."

ಎರಡು ದಿನ ಬಿಟ್ಟು ಅಜ್ಜಿ ನಮ್ಮಿಬ್ಬರನ್ನೂ ಬಿಸಿಲು ಇಳಿಯುವ ಹೊತ್ತಿಗೆ ಏರಿಯ ಕೆಳಗೆ ಕರೆದೊಯ್ದು ಪೊದೆಯ ಮರೆಯಲ್ಲಿ ಕೂರಿಸಿದಳು. ನಾನು ಅವಳ ಎಡಕ್ಕೆ, ದೇವಮ್ಮಣ್ಣಿ ಬಲಕ್ಕೆ, ನಡುವೆ ಅಜ್ಜಿ ಗೋಡೆಯ ಹಾಗೆ. ಆ ಹೊತ್ತಿಗೆ ಕಾಡಿನಿಂದ ಕಡವೆಗಳು ನೀರಿಗೆ ಬರುತ್ತಿದ್ದವು. ಒಂದು ತಾಯಿ ಕಡವೆ ಮರಿಯ ಜೊತೆ ಬಂತು. ನೀರು ಕುಡಿದು ತಾಯಿ ಹೊರಟಿತು, ಮರಿ ಕೆಸರಿನಲ್ಲಿ ಆಡುತ್ತಾ ಉಳಿಯಿತು. ತಾಯಿ ತಿರುಗಿ ಬರಲಿಲ್ಲ, ತಿರುಗಿ ನೋಡಲೂ ಇಲ್ಲ. ಸ್ವಲ್ಪ ದೂರ ಹೋಗಿ, ಅಡ್ಡಕ್ಕೆ ನಿಂತು, ಕಿವಿಗಳನ್ನು ಮಾತ್ರ ಹಿಂದಕ್ಕೆ ಮಾಡಿತು. ಸಣ್ಣಗೆ ಏನೋ ಸದ್ದು ಮಾಡಿ ಮತ್ತೆ ನಡೆಯಿತು. ಮರಿ ಒಮ್ಮೆಲೇ ಚಂಗನೆ ನೆಗೆದು ತಾಯಿಯ ಹಿಂದೆ ಓಡಿತು.

"ನೋಡ್ದಾ?" ಎಂದಳು ಅಜ್ಜಿ ಪಿಸುದನಿಯಲ್ಲಿ. "ಕಣ್ಣು ಇಕ್ಕಬ್ಯಾಡ, ಕಿವಿ ಇಕ್ಕು. ಎದೆ ತೋರುಸ್ಬ್ಯಾಡ, ಬೆನ್ನು ತೋರ್ಸು. ಬೆನ್ನು ಕಂಡ್ರೆ ಅದ್ರ ಎದ್ರಿಕೆ ಓಯ್ತದೆ. ಬರೋದು ಬುಡೋದು ಅದ್ರ ಇಷ್ಟ ಅಂತ ಅದ್ಕೇ ಅನ್ನುಸ್ಬೇಕು ಕಣಮ್ಮಿ."

ದೇವಮ್ಮಣ್ಣಿ ಅಭ್ಯಾಸ ಶುರು ಮಾಡಿದಳು. ಮೊದಲು ಕೋಳಿಗಳ ಮೇಲೆ. ಆಮೇಲೆ ಪಕ್ಕದ ಹಟ್ಟಿಯ ಕರುವಿನ ಮೇಲೆ. ಒಂದು ದಿನ ಅಪ್ಪನ ಮೇಲೂ ನಡೆಯಿತು. ದಿನಾ ಅವಳು ಕೂಗಿ ಕೂಗಿ ಕರೆದರೂ ಊಟಕ್ಕೆ ಏಳದ ಅಪ್ಪ, ಅಂದು ಅವಳು ಸಾರಿನ ಮುಚ್ಚಳ ತೆಗೆದು, ಬೆನ್ನು ತಿರುಗಿಸಿ ಸುಮ್ಮನೆ ಕೂತಾಗ ತಾನಾಗಿ ಎದ್ದು ಬಂದು ತಟ್ಟೆ ಹಾಕಿಕೊಂಡ. ಅಜ್ಜಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕದ್ದನ್ನು ನಾನು ಸಂದಿಯಿಂದ ನೋಡಿದೆ. ನನಗೂ ನಗು ಬಂತು, ನುಂಗಿಕೊಂಡೆ. ಸಂಜೆಗಳಲ್ಲಿ ಅವಳು ಅಜ್ಜಿ ನಿಲ್ಲುವ ಜಾಗದಲ್ಲೇ ನಿಂತು ಕರೆಯತೊಡಗಿದಳು. ಅಪ್ಪ ದೂರದಿಂದ ಬಳಸಿ ಬಂದು ಹಿಂದಿನಿಂದ ಅಟ್ಟಬೇಕಾಗುತ್ತಿತ್ತು, ಆದರೂ ಕೆಂಪಿ ಈಗ ಅವಳನ್ನು ಕಂಡು ಪೊದೆಗೆ ನುಗ್ಗುತ್ತಿರಲಿಲ್ಲ. ನನ್ನನ್ನಂತೂ ಅವಳು ಕರೆಯುವುದನ್ನೇ ಬಿಟ್ಟಳು. ಊಟದ ತಟ್ಟೆಯನ್ನು ವಾಡೆಯ ಮುಂದೆ ತಂದಿಡುವುದರ ಬದಲು ಒಲೆಯ ಹತ್ತಿರ, ತನ್ನ ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಿದ್ದಳು. ಬಂದು ತಿಂದರೆ ತಿಂದೆ, ಇಲ್ಲದಿದ್ದರೆ ಇಲ್ಲ. ಮೊದಮೊದಲು ಪೀಡೆ ತೊಲಗಿತು ಎಂದುಕೊಂಡೆ. ಹಸಿವು ತಡೆಯದೆ ಹೋಗಿ ತಟ್ಟೆ ಎತ್ತಿಕೊಂಡು ಬಂದು ಸಂದಿಯಲ್ಲೇ ಕೂತು ತಿಂದೆ. ಆಮೇಲೆ ನನಗೆ ಬೇರೆಯೇ ಒಂದು ತಳಮಳ ಶುರುವಾಯಿತು. ಯಾರೂ ಕರೆಯದೆ ಇದ್ದರೆ ಹೋಗದೆ ಇರುವುದಾದರೂ ಹೇಗೆ? ನನ್ನ ಹಟಕ್ಕೆ ಆಧಾರವೇ ಇಲ್ಲದಂತಾಯಿತು.

ಗೌರಿ ಹಬ್ಬದ ಹಿಂದಿನ ದಿನ ಅಪ್ಪ ಹಬ್ಬದ ಸಾಮಾನಿಗೆ ಗುಂಡ್ಲುಪೇಟೆಗೆ ಹೋಗಿದ್ದ. ಮರುದಿನ ಮಾವ ಬರುವವನಿದ್ದ. ದನಗಳೆಲ್ಲ ಹೊತ್ತಿಗೆ ಮೊದಲೇ ಹಿಂದಿರುಗಿದವು, ಕೆಂಪಿ ಮಾತ್ರ ಏರಿಯ ಹತ್ತಿರವೂ ಕಾಣಲಿಲ್ಲ. ದನ ಮೇಯಿಸುವವರು ಅವಳು ಮಧ್ಯಾಹ್ನದಿಂದಲೇ ಮಂದೆ ಬಿಟ್ಟು ಒಬ್ಬಳೇ ಲಂಟಾನದ ಕಡೆ ಹೋದಳೆಂದರು. ಈದಿದ್ದಾಳೆ ಎಂದು ಅಜ್ಜಿಗೆ ಆ ಕ್ಷಣವೇ ಗೊತ್ತಾಯಿತು. ಕಾಡಿನಂಚಿನಲ್ಲಿ ಈದ ಹಸು ಕರುವನ್ನು ಪೊದೆಯೊಳಗೆ ಬಚ್ಚಿಟ್ಟು ತಾನು ಬೇರೆ ಕಡೆ ನಿಂತು ಮೇಯುವ ನಾಟಕ ಮಾಡುತ್ತದೆ. ಹುಡುಕಲು ಹೋದವರನ್ನು ಊರೆಲ್ಲ ಸುತ್ತಿಸುತ್ತದೆ, ಕರುವಿನ ಕಡೆ ಮಾತ್ರ ತಿರುಗುವುದಿಲ್ಲ. ಕತ್ತಲಾಗುವುದರೊಳಗೆ ತಾಯಿಯೇ ತಾನಾಗಿ ಹೊರಗೆ ಕರೆತರದಿದ್ದರೆ ಕರು ಚಿರತೆಯ ಪಾಲು. ಬೆಳಿಗ್ಗೆ ಮಾವ ಬಂದು ನೋಡುವುದು ಏನನ್ನು? ಸತ್ತ ತಂಗಿಯ ಹಸುವಿನ ಸತ್ತ ಕರುವನ್ನು, ಮತ್ತು ವಾಡೆಯ ಹಿಂದೆ ಕೂತ ಸೋದರಸೊಸೆಯನ್ನು. ಇಷ್ಟು ಲೆಕ್ಕ ಆ ವಯಸ್ಸಿನಲ್ಲಿ ನನಗೂ ಆಯಿತು. ನಾನು ಸಂದಿಯಿಂದ ಹೊರಗೆ ಬಂದು ನಿಂತೆ.

ಅಜ್ಜಿ ಏರಿಯವರೆಗೆ ಕೋಲೂರಿಕೊಂಡು ಬಂದು ಅಲ್ಲೇ ಕೂತು ನನ್ನ ಕಡೆ ತಿರುಗಿದಳು.

"ಪುಟ್ತಾಯಿ, ನೀನು ಮುಂದೆ ಓಗಿ ಆ ಪೊದೆ ತಾವು ಕೂತ್ಕ. ಕೆಂಪಿಗೆ ನಿನ್ನ ಗುರುತೈತೆ. ದನ ಬಂದ್ರೂ ಎದ್ದೇಳ್ಬ್ಯಾಡ, ಕರ ಬಂದ್ರೂ ಮುಟ್ಬ್ಯಾಡ. ಅಮ್ಮಿ, ನೀನು ಇಂದೆ ಮರದ ತಾವು ನಿಂತ್ಕಂಡು ಕರಿ. ದನ ನಿನ್ನ ತಾವಿಕೆ ಬರೋ ದಾರೀಲಿ ಕೂಸ ದಾಟ್ಕಂಡು ಬರ್ಬೇಕು, ಅಂಗೆ."

ದೇವಮ್ಮಣ್ಣಿ ಉಟ್ಟದ್ದು ತನ್ನದೇ ಹಳೆಯ ಸೀರೆ, ಅರಿಸಿನದ ಕಲೆಗಳಿದ್ದದ್ದು. ಗಾಳಿ ಅವಳ ಬೆನ್ನಿನಿಂದ ಕಾಡಿನ ಕಡೆಗಿತ್ತು. ಅವ್ವನ ಹಾಗೆ ಕೂಗಲು ಅವಳು ಹೋಗಲೇ ಇಲ್ಲ. ಹರದನಹಳ್ಳಿಯಲ್ಲಿ ಎತ್ತುಗಳಿಗೆ ನೀರು ತೋರಿಸುವಾಗ ಗುನುಗುವ ಸದ್ದಂತೆ ಅದು, ಹೂಂ ಹೂಂ ಎಂದು ಹೊಟ್ಟೆಯೊಳಗಿಂದ ಬರುವಂಥದ್ದು. ಒಮ್ಮೆ ಗುನುಗಿ ಸುಮ್ಮನಾದಳು. ಬಗ್ಗಿ ಹುಲ್ಲು ಕಿತ್ತಳು. ಇನ್ನೊಮ್ಮೆ ಗುನುಗಿದಳು. ಬಹಳ ಹೊತ್ತಾದ ಮೇಲೆ ಕೆಂಪಿ ಹೊರಗೆ ಬಂದಳು, ಒಬ್ಬಳೇ, ನಮಗೂ ಅವಳಿಗೂ ಸಂಬಂಧವೇ ಇಲ್ಲದಂತೆ. ದೇವಮ್ಮಣ್ಣಿ ನೋಡಲಿಲ್ಲ. ಹುಲ್ಲಿನ ಹಿಡಿ ಕಂಕುಳಲ್ಲಿ ಇಟ್ಟುಕೊಂಡು ಊರಿನ ಕಡೆಗೆ ನಿಧಾನವಾಗಿ ನಾಲ್ಕು ಹೆಜ್ಜೆ ಹಾಕಿದಳು. ಅಲ್ಲೇ ನಿಂತಳು. ಅಡ್ಡಕ್ಕೆ, ಹೆಗಲು ಮಾತ್ರ ಕಾಣುವಂತೆ, ಆ ಕಡವೆಯ ಹಾಗೆಯೇ. ಕೆಂಪಿ ಮೂಗೆತ್ತಿ ಅರಿಸಿನದ ಗಾಳಿಯನ್ನು ಎಳೆದುಕೊಂಡಳು. ನನ್ನನ್ನು ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ ಒಮ್ಮೆ ಕೂಗಿದಳು, ಮೆಲ್ಲಗೆ.

ಪೊದೆ ಅಲುಗಿತು. ನನ್ನಿಂದ ಮಾರು ದೂರದಲ್ಲಿ ಒದ್ದೆ ಮೈಯ ಕರು ಕಾಲು ನಡುಗಿಸುತ್ತಾ ಎದ್ದು ಬಂತು. ಅದರ ಹಣೆಯಲ್ಲಿಯೂ ಬಿಳಿ ಚುಕ್ಕೆ. ನನ್ನ ಮೊಣಕಾಲಿಗೆ ಮೈ ಉಜ್ಜಿಕೊಂಡೇ ಹೋಯಿತು. ಅದನ್ನು ತಬ್ಬಿಕೊಳ್ಳಬೇಕೆಂದು ಕೈ ಎಷ್ಟು ತವಕಿಸಿತು ಎಂದರೆ ಎರಡೂ ಕೈಯನ್ನು ಲಂಗದೊಳಗೆ ಸುತ್ತಿಕೊಂಡು ಕೂತೆ. ಯಾರನ್ನಾದರೂ ಇಷ್ಟಪಟ್ಟೂ ಮುಟ್ಟದೆ ಇರುವುದು ಎಷ್ಟು ಕಷ್ಟ ಎಂದು ಅಂದು ನನಗೆ ತಿಳಿಯಿತು. ದೇವಮ್ಮಣ್ಣಿ ಇಷ್ಟು ದಿನ ಮಾಡುತ್ತಿದ್ದದ್ದು ಅದನ್ನೇ ಎಂಬುದೂ ಅದರ ಹಿಂದೆಯೇ ತಿಳಿಯಿತು.

ಅವಳು ಮುಂದೆ, ಅವಳ ಹಿಂದೆ ಕೆಂಪಿ, ಕೆಂಪಿಯ ಹೊಟ್ಟೆಯಡಿಯಲ್ಲಿ ಕರು, ಕೊನೆಗೆ ನಾನು. ಏರಿಯಿಂದ ಹಟ್ಟಿಯವರೆಗೆ ಅವಳು ಒಮ್ಮೆಯೂ ತಿರುಗಲಿಲ್ಲ. ಅವಳ ಬೆನ್ನನ್ನು ನಾನು ಅದೇ ಮೊದಲು ಸರಿಯಾಗಿ ನೋಡಿದ್ದು. ಅಲ್ಲಿಯವರೆಗೆ ಕಂಡದ್ದೆಲ್ಲ ಅವಳ ಮುಖ, ನನ್ನಿಂದ ಏನನ್ನೋ ಬೇಡುವ ಮುಖ. ಬೆನ್ನು ಏನನ್ನೂ ಬೇಡುತ್ತಿರಲಿಲ್ಲ. ಬೆವರಿನಿಂದ ಒದ್ದೆಯಾದ ರವಿಕೆ, ಒಂದು ಕಡೆಗೆ ವಾಲಿದ ತುರುಬು, ಕತ್ತಿನ ಬಳಿ ಕೊಪ್ಪರಿಗೆಯ ನೀರು ಸಿಡಿದ ಹಳೆಯ ಸುಟ್ಟ ಕಲೆ. ಇವಳಿಗೂ ಒಂದು ಊರಿತ್ತು, ಅಲ್ಲಿ ಇವಳಿಗೂ ನೋವಾಗಿತ್ತು ಎಂದು ಆ ಕಲೆ ನೋಡಿ ನನಗೆ ಅನ್ನಿಸಿತು.

ಮರುದಿನ ಹಬ್ಬ. ಬೆಳಿಗ್ಗೆಯೇ ಕೆಂಪಿಯ ಹಾಲು ಕರೆದು ಗಿಣ್ಣು ಕಾಸಿದರು. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣಿನ ಪರಿಮಳ ನಡುಮನೆಯನ್ನು ತುಂಬಿ ವಾಡೆಯ ಸಂದಿಗೂ ಬಂತು. ದೇವಮ್ಮಣ್ಣಿ ಒಲೆಯ ಕಡೆ ಮುಖ ಮಾಡಿ ಒಬ್ಬಟ್ಟು ತಟ್ಟುತ್ತಾ ಕೂತಿದ್ದಳು. ಬೆನ್ನ ಹಿಂದೆ, ನೆಲದ ಮೇಲೆ, ಒಂದು ತಟ್ಟೆ ಗಿಣ್ಣು. ನಾನು ಎದ್ದು ಹೋದೆ. ತಟ್ಟೆ ಎತ್ತಿಕೊಂಡು ವಾಪಸ್ಸು ಬರಬೇಕೆಂದೇ ಹೋದದ್ದು. ಆದರೆ ಅಲ್ಲೇ ಕೂತೆ. ಮೊದಲು ಸ್ವಲ್ಪ ದೂರ, ಆಮೇಲೆ ಹತ್ತಿರ, ಆಮೇಲೆ ಅವಳ ಬೆನ್ನಿಗೆ ನನ್ನ ಬೆನ್ನು ತಾಗಿತು. ಅವಳ ಉಸಿರು ಒಂದು ಗಳಿಗೆ ನಿಂತದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಅವಳು ತಿರುಗಲಿಲ್ಲ. ಒಬ್ಬಟ್ಟು ತಟ್ಟುವ ಕೈ ಮಾತ್ರ ಮೆಲ್ಲಗಾಯಿತು. ನಾನು ಅವಳಿಗೆ ಒರಗಿಕೊಂಡು ಗಿಣ್ಣು ತಿಂದೆ.

ಮಾವ ಬಂದದ್ದು ಆ ಹೊತ್ತಿಗೇ. ಕೊಟ್ಟಿಗೆ ದಾಟುವಾಗ ಕೆಂಪಿಯನ್ನೂ ಕರುವನ್ನೂ ನೋಡಿ ನಡುಮನೆಗೆ ಬಂದ. ಬಾಯಿ ತೆರೆದವನು ಒಲೆಯ ಕಡೆ ನೋಡಿ ಹಾಗೇ ಮುಚ್ಚಿದ. ಅವನೂ ದನ ಸಾಕಿದವನೇ, ಯಾವುದು ಯಾವುದಕ್ಕೆ ಒಗ್ಗಿದೆ ಎಂದು ಕೇಳಿ ತಿಳಿಯಬೇಕಾದವನಲ್ಲ. ಸತ್ತ ತಂಗಿಯ ಹೆಸರಿನಲ್ಲಿ ಬಾಗಿನದ ಮೊರ ತಂದಿದ್ದ. ಅದನ್ನು ದೇವಮ್ಮಣ್ಣಿಯ ಪಕ್ಕದಲ್ಲಿ ಇಟ್ಟ.

"ತಗಳವ್ವ. ಇನ್ಮೇಲೆ ವರ್ಸಾ ವರ್ಸಾ ನಿಂಗೇ ತತ್ತೀನಿ."

ಅಪ್ಪ ಗಂಟಲು ಸರಿಮಾಡಿಕೊಂಡು ಏನೋ ಹೇಳಹೊರಟ. ಮಾವ ಅದಕ್ಕೂ ಬಿಡಲಿಲ್ಲ.

"ದನ ಬಾಣಂತಿ ಬಾವ, ಈಗೆಲ್ಲಿ ಒಡ್ಕಂಡೋಗದು? ಅದ್ರ ಪಾಡಿಗೆ ಇರ್ಲಿ ಬುಡಿ. ಎಲ್ಲಿ, ನಂಗೂವೆ ಒಸಿ ಗಿಣ್ಣು ಕೊಡಿ."

ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಅಷ್ಟು ದೊಡ್ಡ ತೀರ್ಮಾನ ಅಷ್ಟು ಮೆಲ್ಲಗೆ ಆಗಿಹೋಯಿತು. ಅಂದಿನಿಂದ ನಾನು ಅವಳನ್ನು ಚಿಕ್ಕವ್ವ ಎಂದು ಕರೆದೆ. ಪಕ್ಷ ಬಂದಾಗ ಅವ್ವನ ಸೀರೆಯನ್ನು ಎಡೆಗಿಟ್ಟರು. ಪೂಜೆ ಆದ ಮೇಲೆ ಚಿಕ್ಕವ್ವ ಅದನ್ನು ಉಡದೆ ಮಡಿಚಿ ನನ್ನ ಮಡಿಲಿಗೆ ಹಾಕಿ, "ಇದು ಪುಟ್ತಾಯಿದು, ಬೇಕಾದಾಗ ಅವಳೇ ಕೊಡ್ಲಿ," ಎಂದಳು. ಪದ್ಧತಿ ಮುರಿಯಿತು ಎಂದು ಅಜ್ಜಿ ಗೊಣಗಿದಳು, ಆದರೆ ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ. ಎರಡು ವರ್ಷ ಕಳೆದ ಮೇಲೆ, ನನ್ನ ತಮ್ಮ ಹುಟ್ಟಿದಾಗ, ಬಾಣಂತಿಗೆ ಹೊದೆಯಲೆಂದು ನಾನೇ ಅದನ್ನು ತಂದುಕೊಟ್ಟೆ.

ಆ ತಮ್ಮ ಈಗ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ಚಿಕ್ಕವ್ವ ಅವನ ಜೊತೆಗಿದ್ದಾಳೆ, ಬೇಸರವಾದಾಗ ಬಸ್ಸು ಹತ್ತಿ ಚಾಮರಾಜನಗರದ ನನ್ನ ಮನೆಗೆ ಬರುತ್ತಾಳೆ. ಈ ಸಂಕ್ರಾಂತಿಗೂ ಬಂದಿದ್ದಳು. ಮೈಸೂರಿನಿಂದ ನನ್ನ ಮಗಳು ತನ್ನ ಮಗನನ್ನು ಕರೆತಂದಿದ್ದಳು. ಹುಡುಗನಿಗೆ ಹೊಸಬರೆಂದರೆ ಭಯ, ಸೋಫಾದ ಹಿಂದೆ ಸೇರಿಕೊಂಡುಬಿಟ್ಟ. ಒಬ್ಬರು ಚಾಕಲೇಟು ತೋರಿಸಿದರು, ಒಬ್ಬರು ಮೊಬೈಲಿನಲ್ಲಿ ಬೊಂಬೆ ಹಾಕಿ ಹಿಡಿದರು, ಎಲ್ಲರ ಕೈಗಳೂ ಸೋಫಾದ ಮೇಲಿಂದ ಒಳಗೆ ಚಾಚಿದ್ದವು. ಅವನ ಅಳು ಇನ್ನೂ ಜೋರಾಯಿತು. ಚಿಕ್ಕವ್ವ ಎಲ್ಲರನ್ನೂ ಆಚೆ ಕಳಿಸಿದಳು. ಸೋಫಾಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದಳು. ಬೆನ್ನು ಈಗ ಬಾಗಿದೆ, ತುರುಬು ಒಂದು ನಿಂಬೆಹಣ್ಣಿನಷ್ಟಾಗಿದೆ. ಕತ್ತಿನ ಕಲೆ ಹಾಗೆಯೇ ಇದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಇನ್ನೂ ಸ್ವಲ್ಪ ಹೊತ್ತಿಗೆ ಸೋಫಾದ ಹಿಂದಿನಿಂದ ಒಂದು ಪುಟ್ಟ ಕೈ ಬಂದು ಅವರೆಕಾಯಿಯ ಗುಡ್ಡೆಯಿಂದ ಒಂದನ್ನು ಎತ್ತಿಕೊಂಡಿತು.

ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಅಂದು ಕೇಳಿಬಿಟ್ಟೆ.

"ಚಿಕ್ಕವ್ವ, ನನ್ನೂವೆ ಇಂಗೇ ಅಲ್ವಾ ನೀನು ಕರ್ದಿದ್ದು?"

ಅವಳು ತಲೆ ಎತ್ತಲಿಲ್ಲ, ತಿರುಗಲೂ ಇಲ್ಲ. ಸುಲಿದ ಕಾಳುಗಳನ್ನು ಬೋಗುಣಿಗೆ ಹಾಕುತ್ತಾ ಹೇಳಿದಳು:

"ನಿನ್ನ ನಾನೆಲ್ಲಿ ಕರ್ದೆ ಪುಟ್ತಾಯಿ? ನೀನಾಗೇ ಬಂದೆ ಕಣವ್ವ."